ಗಂಟಿನ ಬಾಲ

ಹಡಗಿನಿಂದ ಇಳಿದ ಹೆಂಗಸು ನನ್ನ ಅತ್ತಿಗೆ ಎಂದು ಕಾಗದ ಹೇಳುತ್ತಿತ್ತು. ಕಾಗದವನ್ನು ಬಿಟ್ಟರೆ ಹಾಗೆ ಹೇಳುವವರು ಯಾರೂ ಉಳಿದಿರಲಿಲ್ಲ. ಅಣ್ಣ ಮದುವೆಯಾಗುವ ಹೊತ್ತಿಗೆ ನಾನು ಗಂಡನ ಜೊತೆ ಊರು ಬಿಟ್ಟು ಎರಡು ವರ್ಷವಾಗಿತ್ತು. ಅಮ್ಮ ಈ ಹಡಗು ಬರುವ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಅಣ್ಣ ಹಡಗು ಹತ್ತುವ ಮೊದಲೇ, ಆ ಕಡೆಯ ಬಂದರಿನ ಶಿಬಿರದಲ್ಲಿ ಹೋಗಿಬಿಟ್ಟಿದ್ದ.

"ಏನಾಗಿತ್ತು ಅಣ್ಣನಿಗೆ?" ಬಂದರಿನ ಕಟ್ಟೆಯ ಮೇಲೆ ನಿಂತೇ ಕೇಳಿದೆ.

"ಜ್ವರ. ನಾಲ್ಕು ದಿನ," ಅಂದಳು.

ಅಷ್ಟೇ. ಅಳಲಿಲ್ಲ. ಒಂದು ಕೈಯಲ್ಲಿ ಏಳು ವರ್ಷದ ಮಗಳನ್ನು ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಮೊಳದುದ್ದದ ಬಟ್ಟೆಗಂಟು. ಹೊರುವುದಕ್ಕೆ ನಾನು ಕೈ ಚಾಚಿದಾಗ ಪೆಟ್ಟಿಗೆ ಕೊಟ್ಟಳು, ಚೀಲ ಕೊಟ್ಟಳು, ಆ ಗಂಟನ್ನು ಮಾತ್ರ ಕೊಡಲಿಲ್ಲ.

ಮದುವೆಯಾದ ಹೊಸದರಲ್ಲಿ ಅಣ್ಣ ಬರೆದಿದ್ದ ಪತ್ರ ನನಗೆ ಬಾಯಿಪಾಠ. 'ನಿನ್ನ ಅತ್ತಿಗೆ ನಿನಗಿಂತ ಚಿಕ್ಕವಳು, ಆದರೆ ಮಾತಿನಲ್ಲಿ ನಮ್ಮಿಬ್ಬರಿಗೂ ಅಜ್ಜಿ. ಬೆಳಿಗ್ಗೆ ಬಾಯಿ ತೆಗೆದರೆ ದೀಪ ಹಚ್ಚುವವರೆಗೆ ಮುಚ್ಚುವುದಿಲ್ಲ. ನೀನು ಹೋದ ಮೇಲೆ ಮನೆ ಬಣಗುಡುತ್ತಿತ್ತು. ಈಗ ಅಮ್ಮ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳೆ, ನಮ್ಮ ಮನೆಯಲ್ಲಿ ಹತ್ತಿಗೇನು ಬರವೇ?'

ಬಂದವಳೋ, ಮೂರು ಪದ ಕೇಳಿದರೆ ಎರಡು ಪದ ಕೊಡುವವಳು.

ನಮ್ಮದು ಹಾಸಿಗೆ ಹೊಲಿಯುವ ಮನೆ. ಬೀದಿಗೆ ಬೀದಿಯೇ ಅದೇ ಕಸುಬು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬೇರೆಯವರಿಗೆ ಹಿರಿಯರು ಬುದ್ಧಿ ಹೇಳುತ್ತಾರೆ. ನಮಗೆ ಯಾರೂ ಹೇಳುವ ಹಾಗಿರಲಿಲ್ಲ, ನಾವು ಕಾಲಿನ ಅಳತೆ ತೆಗೆದುಕೊಂಡೇ ಹಾಸಿಗೆ ಮಾಡುವವರು. ಹತ್ತಿ ಹಿಂಜಿ, ಗವಸಿಗೆ ತುಂಬಿ, ಒಳಗಿನ ಹತ್ತಿ ಸರಿಯದ ಹಾಗೆ ಗೇಣಿಗೊಂದರಂತೆ ದಬ್ಬಣದಲ್ಲಿ ದಾರ ಹಾಯಿಸಿ ಗಂಟು ಹಾಕಬೇಕು. ಬೀದಿಯ ಹನ್ನೊಂದು ಮನೆಗೆ ಹನ್ನೊಂದು ಬಗೆಯ ಗಂಟು. ಮೂರು ನಾಲ್ಕು ವರ್ಷಕ್ಕೆ ಹಾಸಿಗೆ ಮತ್ತೆ ಹಿಂಜಲು ಬಂದಾಗ ಗಂಟು ನೋಡಿ, ಇದು ನಮ್ಮದು, ಇದು ಎದುರುಮನೆಯದು ಎಂದು ಹೇಳಿಬಿಡುತ್ತಿದ್ದೆವು. ನಮ್ಮ ಗಂಟಿಗೆ ಮೂರು ಸುತ್ತು, ಉಳಿದ ದಾರದ ಬಾಲವನ್ನು ಒಂದು ಪಕ್ಕಕ್ಕೆ ಮಲಗಿಸಿ ಅಡಿಗೆ ಸಿಕ್ಕಿಸುವುದು. "ಬಾಲ ತಲೆ ಕಡೆ ಮಲಗಬೇಕು ಕಣೇ, ಇಲ್ಲಾಂದ್ರೆ ಮಲಗಿದವರ ಕಾಲಿಗೆ ಚುಚ್ಚತ್ತೆ" ಎನ್ನುತ್ತಿದ್ದಳು ಅಮ್ಮ. ಅವಳ ಎದುರು ಕೂತು ಎಂಟನೆಯ ವರ್ಷಕ್ಕೆ ಕಲಿತೆ. ಮೂರು ಸುತ್ತು, ಬಾಲ ಎಡಕ್ಕೆ. ನಿದ್ದೆಗಣ್ಣಲ್ಲೂ ಕೈ ತಪ್ಪುವುದಿಲ್ಲ.

ಆಮೇಲೆ ಗಿರಣಿಯ ಹಾಸಿಗೆ ಬಂದವು, ಆಮೇಲೆ ಯುದ್ಧ ಬಂತು, ಬೀದಿ ಖಾಲಿಯಾಯಿತು. ಈ ಊರಿನಲ್ಲಿ ನಾನು ಹೊಲಿಯುವುದು ಹೆಚ್ಚಾಗಿ ಕುರ್ಚಿಯ ದಿಂಬುಗಳನ್ನು. ನಮ್ಮ ಕಡೆ ಅಂಥದ್ದನ್ನು ನಾವು ಕಂಡೇ ಇರಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಐದು ಗಂಟು ಹಾಕಿದರೆ ಒಂದು ದಿಂಬು ಮುಗಿಯಿತು. ನನ್ನವರು ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ಲಾಂಡ್ರಿಯ ಮೇಲಿನ ಎರಡು ಕೋಣೆ ನಮಗೆ. ನೆಲ ಯಾವಾಗಲೂ ಬೆಚ್ಚಗೆ, ಗೋಡೆ ಯಾವಾಗಲೂ ಒದ್ದೆ. ಮಕ್ಕಳಿಲ್ಲ.

ತಾಯಿ ಮಗಳಿಗೆ ವಲಸೆ ಕಚೇರಿಯವರು ಕೊಟ್ಟಿದ್ದು ಮೂವತ್ತು ದಿನದ ಚೀಟಿ. ಮೂವತ್ತನೆಯ ದಿನ ನಾನು ಹೋಗಿ, ಇವಳು ನನ್ನ ಅಣ್ಣನ ಹೆಂಡತಿ ಎಂದು ಪ್ರಮಾಣ ಮಾಡಿ ರುಜು ಹಾಕಬೇಕು. ಹಾಕಿದರೆ ಇಲ್ಲೇ ಇರಬಹುದು, ಇಲ್ಲದಿದ್ದರೆ ಬಂದ ಹಡಗಿನಲ್ಲೇ ವಾಪಸು. ಸುಳ್ಳು ಪ್ರಮಾಣ ಎಂದು ಗೊತ್ತಾದರೆ ರುಜು ಹಾಕಿದವರ ಮನೆಯ ಕಾಗದಗಳೂ ರದ್ದು, ಅವರೂ ಅದೇ ಹಡಗಿಗೆ. ಇದನ್ನು ಗುಮಾಸ್ತ ನನಗೆ ಎರಡು ಸಲ ಓದಿ ಹೇಳಿದ್ದ.

ತಲೆಗೆ ಹುಳ ಬಿಟ್ಟವಳು ಟಪಾಲಕ್ಕ. ಕೆಳಗೆ ಇಸ್ತ್ರಿ ಮೇಜಿನಲ್ಲಿ ಕೆಲಸ ಮಾಡುವವಳು. ಟಪಾಲಿಗಾದರೂ ಸ್ಟಾಂಪು ಬೇಕು, ಇವಳಿಗೆ ಅದೂ ಬೇಡ.

"ನಿಮ್ಮತ್ತಿಗೆ ಮಗಳನ್ನ ಬಿಟ್ಟು ಒಂದು ನಿಮಿಷ ಇರಲ್ಲ, ಅಲ್ವಾ?" ಅಂದಳು, ಒಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಕಾಯಿಸುತ್ತಾ.

"ತಾಯಿ ಅಲ್ವಾ?"

"ತಾಯಿನೇ ಇರಲಿ, ನಾನೇನು ಬೇಡ ಅಂದ್ನಾ? ಆ ಕಡೆ ಬಂದರಿನಲ್ಲಿ ಕಾಗದ ಕೈ ಬದಲಾಗುತ್ತಂತೆ. ಬದುಕಿರೋರದಕ್ಕಿಂತ ಸತ್ತೋರ ಕಾಗದಕ್ಕೇ ಜಾಸ್ತಿ ಗಿರಾಕಿ. ಸತ್ತೋರು ಬಂದು ನಂದು ಅನ್ನಲ್ಲ ನೋಡು."

"ಏನು ಮಾತು ಅಂತ ಆಡ್ತೀಯಾ ಟಪಾಲಕ್ಕ!"

"ಅಯ್ಯೋ, ನಾನು ಅವಳ ವಿಷಯ ಹೇಳ್ದೆನಾ? ಸುಮ್ನೆ ಲೋಕದ ಮಾತು."

ಮೆಟ್ಟಿಲು ಹತ್ತಿ ಒಳಗೆ ಹೋದರೆ ಅವಳು ಕಿಟಕಿಯ ಹತ್ತಿರ ಕೂತಿದ್ದವಳು ತಟ್ಟನೆ ಬಟ್ಟೆಗಂಟನ್ನು ಸೆರಗಿನಡಿಗೆ ಎಳೆದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ನಾನಿನ್ನೂ ಏನೂ ಅಂದೇ ಇರಲಿಲ್ಲ.

ಅವತ್ತಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡತೊಡಗಿದೆ. ಊಟಕ್ಕೆ ಕೂತಾಗ ಮೊದಲು ನನ್ನ ತಟ್ಟೆ ನೋಡುತ್ತಿದ್ದಳು, ನಾನು ಬಾಯಿಗಿಟ್ಟ ಮೇಲೆ ಮಗಳಿಗೆ ತುತ್ತು. ಅಣ್ಣನ ಮಾತೆತ್ತಿದರೆ ಉತ್ತರ ಕೊಡುವ ಬದಲು, "ನಿಮಗೆ ನೆನಪಿದೆಯಾ ಅಕ್ಕಾ, ಅವರಿಗೆ ಯಾವ ಕಿವಿ ಮಂದ?" ಎಂದು ನನ್ನನ್ನೇ ಕೇಳುತ್ತಿದ್ದಳು. ಎಡಕಿವಿ, ಎಂದೆ. ತಲೆಯಾಡಿಸಿದಳು. ಆಮೇಲೆ ಹೊಳೆಯಿತು: ಇವಳು ಹೇಳುತ್ತಿಲ್ಲ, ನನ್ನಿಂದ ಕಲಿಯುತ್ತಿದ್ದಾಳೆ. ನಾಳೆ ಕಚೇರಿಯಲ್ಲಿ ಕೇಳಿದರೆ ಒಪ್ಪಿಸುವುದಕ್ಕೆ. ಹುಡುಗಿ ನನ್ನನ್ನು 'ಅತ್ತೆ' ಎಂದರೆ ಎದೆ ತುಂಬುತ್ತಿತ್ತು. ಅವಳನ್ನು 'ಅತ್ತಿಗೆ' ಎನ್ನಲು ಮಾತ್ರ ನನಗೆ ನಾಲಿಗೆ ಹೊರಳುತ್ತಿರಲಿಲ್ಲ. 'ಇಲ್ನೋಡಿ' ಎಂದು ಕರೆದು ದಿನ ದೂಡುತ್ತಿದ್ದೆ.

ಇಪ್ಪತ್ಮೂರನೆಯ ದಿನ ಒಂದು ಕುರ್ಚಿದಿಂಬು ಕೊಟ್ಟೆ. "ಇಲ್ನೋಡಿ, ನನ್ನ ಬೆರಳು ನೋಯ್ತಿದೆ. ಇದಕ್ಕೆ ಐದು ಗಂಟು ಹಾಕ್ತೀರಾ?"

ಅವಳು ನನ್ನ ಮುಖ ನೋಡಿ, ದಿಂಬು ನೋಡಿ, ತೊಡೆಯ ಮೇಲಿಟ್ಟುಕೊಂಡಳು. ಕೈ ಚುರುಕಾಗಿತ್ತು. ಒಂದು ಸುತ್ತು, ಎರಡು, ಮೂರು. ನನ್ನ ಉಸಿರು ಹಗುರವಾಗುತ್ತಿತ್ತು. ಆಗ ಬಾಲವನ್ನು ಬಲಕ್ಕೆ ಮಲಗಿಸಿದಳು.

ಐದಕ್ಕೆ ಐದೂ ಬಲಕ್ಕೆ.

ನಮ್ಮ ಗಂಟನ್ನು ಎಲ್ಲೋ ಹಳೆಯ ಹಾಸಿಗೆಯ ಮೇಲೆ ನೋಡಿ, ಕದ್ದು ಕಲಿತವಳ ಕೈ ಅದು. ಸುತ್ತು ಲೆಕ್ಕ ಹಾಕಬಹುದು. ಯಾವ ಕಡೆಯಿಂದ ನೋಡಬೇಕೆಂದು ಕದ್ದವರಿಗೆ ತಿಳಿಯುವುದಿಲ್ಲ. ಹಾಗೆಂದುಕೊಂಡೆ.

"ಚೆನ್ನಾಗಿದೆ," ಅಂದೆ.

"ನೀವು ಹಾಕೋ ಥರ ಇಲ್ಲ," ಅಂದಳು ಅವಳು, ನನ್ನ ಮೇಲಿನ ಕಣ್ಣು ತೆಗೆಯದೆ. ಎಷ್ಟು ಧೈರ್ಯ ಎನ್ನಿಸಿತು.

ನನ್ನವರಿಗೆ ಹೇಳಿದೆ. ಅವರು ಬೆವರು ಒರೆಸಿಕೊಂಡರು.

"ಗಂಟು ಕಟ್ಟೋದ್ರಲ್ಲಿ ಮನುಷ್ಯರು ಗೊತ್ತಾಗ್ತಾರೇನೇ?"

"ನಮ್ಮ ಬೀದಿಯೋರು ಗೊತ್ತಾಗ್ತಾರೆ."

"ಹಾಗಾದ್ರೆ ನಿನಗೆ ಬಿಟ್ಟಿದ್ದು. ಸುಳ್ಳು ಹೇಳ್ಬೇಡ. ಆದ್ರೆ ಗೊತ್ತಿಲ್ಲದ್ದನ್ನ ಗೊತ್ತು ಅಂತಾನೂ ಹೇಳ್ಬೇಡ."

ಮರುದಿನ ದಾರ ತರುತ್ತೇನೆಂದು ಹೇಳಿ ಕಚೇರಿಗೆ ಹೋದೆ. ಗುಮಾಸ್ತನ ಅಂಗಿಯ ಜೇಬಿಗೆ ಶಾಯಿ ಇಳಿದು ನೀಲಿ ಕಲೆಯಾಗಿತ್ತು. ನಾನು ಗಂಟಿನ ವಿಷಯ ಎತ್ತಲಿಲ್ಲ. "ನನಗೆ ಖಾತ್ರಿಯಿಲ್ಲ ಸಾರ್. ನಾನು ಅತ್ತಿಗೆಯನ್ನ ನೋಡಿದವಳಲ್ಲ. ಇವಳು ನಮ್ಮ ಮನೆಯವಳು ಅಂತ ಅನ್ನಿಸ್ತಾ ಇಲ್ಲ," ಅಂದೆ.

"ಮಗು?"

"ಮಗು ನಮ್ಮದೇ. ಅಣ್ಣನ ಹಣೆ ಹಾಗೇ ಇದೆ."

ಈ ಮಾತು ಎಷ್ಟು ಬೇಗ ನನ್ನ ಬಾಯಿಂದ ಬಂತು ಎಂಬುದನ್ನು ಆಮೇಲೆ ಎಷ್ಟೋ ಸಲ ನೆನೆದಿದ್ದೇನೆ. ತಾಯಿಯ ಬಗ್ಗೆ ಇಪ್ಪತ್ನಾಲ್ಕು ದಿನ ಅಳೆದೂ ಸುರಿದೂ ನೋಡಿದವಳು, ಮಗುವಿನ ಬಗ್ಗೆ ಒಂದು ಉಸಿರೂ ತಡೆಯಲಿಲ್ಲ. ಗುಮಾಸ್ತ ಬರೆದುಕೊಂಡ. ಓದಿದ. ಹೆಬ್ಬೆಟ್ಟಲ್ಲ, ರುಜುವನ್ನೇ ಹಾಕಿದೆ.

ಇಪ್ಪತ್ತಾರನೆಯ ದಿನ, ನನ್ನಿಂದ ದಿಂಬು ಹೊಲಿಸುವ ಅಂಗಡಿಯವನು ಅಪರೂಪದ ಕೆಲಸ ತಂದ. ಒಂದು ವಸತಿಗೃಹಕ್ಕೆ ಇಬ್ಬರು ಮಲಗುವ ದೊಡ್ಡ ಹಾಸಿಗೆ, ಹತ್ತಿಯದೇ ಆಗಬೇಕು, ಎರಡೇ ದಿನದಲ್ಲಿ. ಒಬ್ಬಳ ಕೈಲಿ ಆಗುವುದಿಲ್ಲ. ಬೇರೆ ಯಾರನ್ನು ಕರೆಯಲಿ?

ಮುಂದಿನ ಕೋಣೆಯ ಸಾಮಾನನ್ನೆಲ್ಲ ಗೋಡೆಗೆ ಒತ್ತರಿಸಿ, ಗವಸು ಹಾಸಿ, ಹತ್ತಿ ತುಂಬಿದೆವು. ನಾನು ಎಂದಿನಂತೆ ಕಿಟಕಿಯ ಕಡೆ, ಹಾಸಿಗೆಯ ತಲೆ ನನ್ನ ಎಡಕ್ಕೆ ಬರುವ ಹಾಗೆ ಕೂತೆ. ಅವಳು ಕೇಳಲಿಲ್ಲ, ಹೇಳಲಿಲ್ಲ, ಸುತ್ತಿ ಹೋಗಿ ನನ್ನ ಎದುರು ಕೂತಳು. ಅಮ್ಮ ಕೂರುತ್ತಿದ್ದ ಕಡೆ. ಹುಡುಗಿ ಮೂಲೆಯಲ್ಲಿ ಉಳಿಕೆ ಹತ್ತಿಯಿಂದ ಬೆಕ್ಕು ಮಾಡುತ್ತಿದ್ದಳು. ಇಬ್ಬರೂ ಮಾತಿಲ್ಲದೆ ದಬ್ಬಣ ಚುಚ್ಚಿದೆವು, ಎಳೆದೆವು, ಕಟ್ಟಿದೆವು. ನಾನು ನನ್ನ ಅಂಚಿನಿಂದ ನಡುವಿಗೆ, ಅವಳು ಅವಳ ಅಂಚಿನಿಂದ ನಡುವಿಗೆ.

ಮಧ್ಯಾಹ್ನ ಸೊಂಟ ಹಿಡಿದುಕೊಂಡಿತು. ಎದ್ದು ಹಾಸಿಗೆಯ ಕಾಲ ಕಡೆ ನಿಂತು ನೋಡಿದೆ. ಅವಳ ಗಂಟುಗಳನ್ನು ಬಿಚ್ಚಿ ಮತ್ತೆ ಹಾಕಬೇಕಲ್ಲ, ಎಷ್ಟಿವೆ ಎಂದು ನೋಡುವುದಕ್ಕೆ.

ಬಿಚ್ಚುವಂಥದ್ದು ಒಂದೂ ಇರಲಿಲ್ಲ. ಸಾಲು ಸಾಲಾಗಿ ಅಷ್ಟೂ ಗಂಟುಗಳ ಬಾಲ ತಲೆಯ ಕಡೆ ಮಲಗಿದ್ದವು. ನನ್ನದು ಎಲ್ಲಿ ಮುಗಿದು ಅವಳದು ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲು ಆಗುತ್ತಿರಲಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಅಮ್ಮನೂ ನಾನೂ ಮಾಡಿದ ಹಾಸಿಗೆಗಳು ಹೀಗೇ ಇರುತ್ತಿದ್ದವು.

"ಈ ಕಡೆ ಬನ್ನಿ," ಅಂದೆ. "ನನ್ನ ಜಾಗದಲ್ಲಿ ಕೂತು ಒಂದು ಹಾಕಿ."

ಅವಳು ಬಂದು ಹಾಕಿದಳು. ಬಾಲ ಅವಳ ಬಲಕ್ಕೆ, ಹಾಸಿಗೆಯ ಕಾಲ ಕಡೆಗೆ ತಿರುಗಿತು. ಅವಳೇ ಅದನ್ನು ನೋಡಿ ಬಾಯಿಗೆ ಕೈ ಹಿಡಿದಳು. ನಾನು ಆಚೆ ಹೋಗಿ ಅಮ್ಮನ ಜಾಗದಲ್ಲಿ ಕೂತು ಒಂದು ಹಾಕಿದೆ. ಅದೂ ಕಾಲ ಕಡೆಗೆ.

"ಅಯ್ಯೋ ದೇವರೇ," ಅಂದಳು. "ನೀವು ನಿಮ್ಮಮ್ಮನ ಎದುರು ಕೂತು ಕಲಿತಿದ್ದೀರಿ, ತಲೆ ಎಡಕ್ಕೆ ಬರೋ ಕಡೆ!"

"ನೀವು?"

"ಪಕ್ಕದಲ್ಲಿ, ಅವರಿಗೂ ನನಗೂ ತಲೆ ಬಲಕ್ಕೆ! ನಿಮ್ಮಮ್ಮ ಮೊದಲ ದಿನಾನೇ ಕೈ ಹಿಡಿದು ಪಕ್ಕಕ್ಕೆ ಎಳ್ಕೊಂಡ್ರು. ಸೊಸೆ ಪಕ್ಕ ಕೂರಬೇಕು ಕಣೇ, ಮಗಳಾದ್ರೆ ಎದುರಿಗೆ, ಎದ್ದು ಹೋಗೋವಳು ತಾನೇ, ಹೋಗೋವರೆಗೆ ಮುಖ ಕಾಣ್ತಿರಲಿ ಅಂತಿದ್ರು." ಒಮ್ಮೆಲೇ ಅವಳಿಗೆ ಕಟ್ಟೆ ಒಡೆಯಿತು. "ಅಕ್ಕಾ, ನಾನು ಬಂದ ಎರಡನೇ ದಿನಾನೇ ನೋಡಿದ್ದೆ, ನೀವು ಆ ಕುರ್ಚಿದಿಂಬಿಗೆ ಎಡಕ್ಕೆ ಕಟ್ತಿದ್ರಿ. ನನ್ನ ಎದೆ ಝಲ್ ಅಂತು. ಈಯಮ್ಮ ನಮ್ಮನೆಯವರಲ್ಲ, ಯಾರೋ ನನ್ನ ನಾದಿನಿಯ ಕಾಗದ ಹಿಡ್ಕೊಂಡು ಕೂತಿದಾರೆ, ಮಕ್ಕಳಿಲ್ಲ, ನನ್ನ ಮಗಳನ್ನ ಇಟ್ಕೊಂಡು ನನ್ನ ಆಚೆಗೆ ತಳ್ತಾರೆ ಅಂದ್ಕೊಂಡೆ. ಯಾವ ಕಿವಿ ಮಂದ ಅಂತ ಕೇಳ್ದೆ ನೋಡಿ, ಅದಕ್ಕೇ. ನೀವು ಸರಿಯಾಗೇ ಹೇಳಿದ್ರಿ, ಆದ್ರೂ ನಂಬಿಕೆ ಬರ್ಲಿಲ್ಲ, ಕೈ ಸುಳ್ಳು ಹೇಳಲ್ಲ ಅಂತ ನಿಮ್ಮಣ್ಣ ಯಾವಾಗ್ಲೂ ಹೇಳೋರು. ಇರಿ, ಇರಿ..."

ಒಳಗೆ ಓಡಿ ಆ ಬಟ್ಟೆಗಂಟು ತಂದಳು. ಮೂರು ಪದರ ಬಿಚ್ಚಿದಳು. ಒಳಗೆ ಅಮ್ಮನ ದಬ್ಬಣ. ಹಿಡಿಗೆ ಸುತ್ತಿದ ಚಿಂದಿ ಅದೇ, ನನ್ನ ಹಳೆಯ ಲಂಗದ ಅಂಚು.

"ನನ್ನ ಮಗಳ ಕೈಗೇ ಕೊಡು, ಬೇರೆ ಯಾರ ಕೈಗೂ ಕೊಡಬೇಡ ಅಂದಿದ್ರು ನಿಮ್ಮಮ್ಮ. ಅದಕ್ಕೇ ಇಷ್ಟು ದಿನ ಕೊಡ್ಲಿಲ್ಲ. ಬೈಕೋಬೇಡಿ."

ದಬ್ಬಣ ಇಸಿದುಕೊಂಡೆ. ಅವಳು ನಗುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತಿದ್ದಳು, ಅಣ್ಣನ ಕೊನೆಯ ನಾಲ್ಕು ದಿನವನ್ನು ಗಳಿಗೆ ಗಳಿಗೆಯಾಗಿ ಹೇಳುತ್ತಿದ್ದಳು. ಅಣ್ಣ ಬರೆದ ಪತ್ರದ ಹುಡುಗಿ ಕೊನೆಗೂ ನನ್ನ ಮನೆಗೆ ಬಂದಿದ್ದಳು. "ಅತ್ತಿಗೆ," ಎಂದೆ. ಮೊದಲ ಸಲ. ಆಗಲೇ ಉಳಿದದ್ದನ್ನೂ ಹೇಳಿಬಿಡಬೇಕಿತ್ತು. ಎರಡು ದಿನದ ಹಿಂದೆ ಎಲ್ಲಿಗೆ ಹೋಗಿದ್ದೆ, ಯಾವುದರ ಕೆಳಗೆ ರುಜು ಹಾಕಿದೆ. "ಏನಕ್ಕಾ?" ಎಂದು ಕಾದಳು. "ಕೂತ್ಕೊಳ್ಳಿ, ಹಾಸಿಗೆ ಮುಗಿಸೋಣ," ಎಂದೆ.

ಹಾಸಿಗೆ ಹೋದ ಮರುದಿನ ಒಬ್ಬಳೇ ಕಚೇರಿಗೆ ಓಡಿದೆ. ಎದುರು, ಪಕ್ಕ, ತಲೆ, ಕಾಲು, ಎಡ, ಬಲ ಎಂದು ಮೇಜಿನ ಮೇಲೆ ಬೆರಳಿಟ್ಟು ತೋರಿಸಿದೆ. ಗುಮಾಸ್ತ ಸಹನೆಯಿಂದಲೇ ಕೇಳಿದ.

"ಅಮ್ಮಾ, ಮೊನ್ನೆ ಅಲ್ಲ ಅಂದ್ರಿ, ಇವತ್ತು ಹೌದು ಅಂತೀರಿ. ಮೊನ್ನೆ ಹೆದರಿದ್ರೋ, ಇವತ್ತು ಹೆದರಿದ್ರೋ? ಮೇಲಿನವರು ನನ್ನ ಕೇಳೋದು ಇಷ್ಟೇ."

"ಆ ಗಂಟು..."

"ಗಂಟಿಗೆ ಕಾಲಂ ಇಲ್ಲ ಅಮ್ಮ. ನಿಮ್ಮೂರಿನೋರು ಇನ್ನೊಬ್ಬರು ಸಾಕ್ಷಿ ಇದ್ದಾರಾ?"

ಹನ್ನೊಂದು ಮನೆಯ ಬೀದಿ ಎಲ್ಲೆಲ್ಲಿ ಚೆದುರಿತೋ ಯಾರಿಗೆ ಗೊತ್ತು.

ಮೂವತ್ತನೆಯ ದಿನ ಮೂವರೂ ಹೋದೆವು. ಅತ್ತಿಗೆ ಮಗಳಿಗೆ ಬಿಗಿಯಾಗಿ ಜಡೆ ಹಾಕಿದ್ದಳು. ದಾರಿಯುದ್ದಕ್ಕೂ ಮಾತು, ಅಂಗಡಿ ಕಂಡರೆ ಅಂಗಡಿ, ನಾಯಿ ಕಂಡರೆ ನಾಯಿ. ನನಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುವ ಹಾಗಾಗಿತ್ತು, ಬೇರೆ ಕಾರಣಕ್ಕೆ. ಕಚೇರಿಯಲ್ಲಿ ಹುಡುಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದೆವು. ಗುಮಾಸ್ತ ಕಡತ ತೆರೆದು ಮೊದಲಿನ ಹೇಳಿಕೆಯಿಂದ ಶುರುಮಾಡಿದ. 'ನನಗೆ ಖಾತ್ರಿಯಿಲ್ಲ. ಇವಳು ನಮ್ಮ ಮನೆಯವಳು ಅಂತ ಅನ್ನಿಸ್ತಾ ಇಲ್ಲ. ಮಗು ನಮ್ಮದೇ.' ತಾರೀಖು ಓದಿದ. ನನ್ನ ಹೆಸರು ಓದಿದ. ಆಮೇಲೆ ಎರಡನೆಯ ಹೇಳಿಕೆ. ಆಮೇಲೆ ತೀರ್ಮಾನ: ಮಗುವಿನ ಜನನಪತ್ರದಲ್ಲಿ ತಂದೆಯ ಹೆಸರಿದೆ, ರಕ್ತಸಂಬಂಧಿ ಒಪ್ಪಿದ್ದಾಳೆ, ಮಗು ಇರಬಹುದು. ಹೆಂಗಸಿನ ಗುರುತು ಸಾಬೀತಾಗಿಲ್ಲ. ಮುಂದಿನ ಹಡಗು ಗುರುವಾರ.

ಅತ್ತಿಗೆ ನನ್ನ ಕಡೆ ತಿರುಗಲಿಲ್ಲ. ಮೇಜಿನಂಚಿನ ಒಂದು ಸಿಬುರನ್ನು ಉಗುರಿನಿಂದ ಒತ್ತುತ್ತಾ ನಿಂತಿದ್ದಳು.

ಬೀದಿಗೆ ಬಂದ ಮೇಲೆ, ಹುಡುಗಿ ನಾಲ್ಕು ಹೆಜ್ಜೆ ಮುಂದಿರುವಾಗ, ಮೆಲ್ಲಗೆ ಅಂದಳು: "ನಾನೂ ಹೋಗಿ ಹೇಳ್ತಿದ್ನೇನೋ ಅಕ್ಕಾ, ಇವರು ನನ್ನ ನಾದಿನಿ ಅಲ್ಲ ಅಂತ. ಆಫೀಸು ಎಲ್ಲಿದೆ ಅಂತ ಗೊತ್ತಿರಲಿಲ್ಲ."

ಅದು ಕ್ಷಮೆಯೋ ಚುಚ್ಚುಮಾತೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮಗಳನ್ನು ಕರೆದುಕೊಂಡು ಹೋಗುತ್ತಾಳೆಂದು ನಾನು ತಿಳಿದಿದ್ದೆ. ಎರಡು ದಿನ ಅವಳೂ ಹಾಗೇ ಅನ್ನುತ್ತಿದ್ದಳು. ಮೂರನೆಯ ದಿನ ಮಗಳ ಬಟ್ಟೆಗಳನ್ನು ಚೀಲದಿಂದ ತೆಗೆದು ಗೂಡಿನಲ್ಲಿ ಮಡಿಸಿಟ್ಟಳು. ಅಲ್ಲಿ ಮನೆಯಿಲ್ಲ, ಬೀದಿಯಿಲ್ಲ, ಶಿಬಿರವೊಂದೇ. ಗುರುವಾರ ಬೆಳಿಗ್ಗೆ ಹೊಸಿಲು ದಾಟುವ ಮುನ್ನ ಹುಡುಗಿಯ ಗಲ್ಲ ಹಿಡಿದು ಹೇಳಿದಳು: "ಅತ್ತೆ ಹತ್ರ ಕೆಲಸ ಕಲಿ. ಪಕ್ಕ ಕೂರಬೇಡ, ಎದುರು ಕೂತ್ಕೋ."

ಎರಡು ಪತ್ರ ಬಂದವು, ಬೇರೆ ಯಾರದೋ ಅಕ್ಷರದಲ್ಲಿ. ಎರಡರಲ್ಲೂ ಕಚೇರಿಯ ಮಾತಿರಲಿಲ್ಲ. ಮೂರನೆಯದು ಬರಲಿಲ್ಲ. ನಾನು ಬರೆದವು ಮುದ್ರೆ ಬಿದ್ದು ಹಿಂದಿರುಗಿದವು. ಕೆಳಗೆ ಟಪಾಲಕ್ಕ ಯಾರಿಗೋ ಹೇಳುತ್ತಿದ್ದಳಂತೆ: "ಹೆರದೆ ಹೊರದೆ ಮಡಿಲು ತುಂಬಿಸಿಕೊಂಡಳು ನೋಡಿ, ಜಾಣೆ." ಅವಳ ಬಾಯಿಗೆ ಬೀಗ ಹಾಕಲು ಹೋಗಲಿಲ್ಲ. ಹಾಕಲು ಹೋದರೆ ಬೀಗ ಹುಡುಗಿಯ ಕಿವಿಯ ಕಡೆಗೇ ತೆರೆದೀತೆಂಬ ಭಯ.

ಹುಡುಗಿಗೆ ಈಗ ಹದಿನಾರು. ಅಂದಿನಿಂದಲೂ ನನ್ನ ಎದುರೇ ಕೂರುತ್ತಾಳೆ. ಎದುರು ಕೂತು ಕಲಿತವಳ ಎದುರು ಕೂತು ಕಲಿತಳಲ್ಲ, ಅವಳ ಗಂಟಿನ ಬಾಲ ಬಲಕ್ಕೆ ಹೋಗುತ್ತದೆ, ಅವಳಮ್ಮನ ಹಾಗೇ. ನನ್ನಮ್ಮನ ದಬ್ಬಣ ಅವಳ ಕೈಯಲ್ಲಿದೆ. ಕೆಲವು ದಿನ ದಾರ ಕಚ್ಚಿ ತುಂಡರಿಸುವಾಗ ಕತ್ತೆತ್ತಿ ನನ್ನನ್ನು ನೋಡುತ್ತಾಳೆ, ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚು. ಕೆಳಗೆ ಇಸ್ತ್ರಿ ಬಟ್ಟೆ ತರಲು ಹೋದವಳು ಈಚೆಗೆ ತಡಮಾಡಿ ಬರುತ್ತಾಳೆ.

ನಿನ್ನೆ ಒಂದು ಹಾಸಿಗೆಯ ನಡುಸಾಲು ಮುಟ್ಟಿದ್ದೆವು.

"ಅತ್ತೆ," ಅಂದಳು.

"ಹೂಂ?"

"ಅಮ್ಮನ ಕಾಗದ ಎಲ್ಲ ಒಂದು ಆಫೀಸಲ್ಲಿ ಇರುತ್ತಂತಲ್ಲ, ಕಡತದಲ್ಲಿ. ಹದಿನಾರು ತುಂಬಿದ ಮಕ್ಕಳು ಕೇಳಿದ್ರೆ ಓದೋಕೆ ಕೊಡ್ತಾರಂತೆ." ಮೂರು ಸುತ್ತು ಸುತ್ತಿ ಬಾಲವನ್ನು ಹೆಬ್ಬೆರಳಿನಿಂದ ಒತ್ತಿದಳು. "ಅದು ಎಲ್ಲಿದೆ ಅಂತ ನಿಮಗೆ ಗೊತ್ತಾ?"

ನನ್ನ ದಬ್ಬಣ ಹತ್ತಿಯೊಳಗೆ ಅರ್ಧಕ್ಕೆ ನಿಂತಿತ್ತು. ಅವಳು ಕಾಯುತ್ತಿದ್ದಳು, ಅವಳಮ್ಮ ಒಮ್ಮೆ ಇದೇ ಜಾಗದಲ್ಲಿ ಕಾದ ಹಾಗೆ.

"ಗೊತ್ತು," ಎಂದೆ. "ಬಂದರಿನ ರಸ್ತೆಯಲ್ಲಿ, ಗಡಿಯಾರದ ಕಟ್ಟಡ ದಾಟಿದ ಮೇಲೆ ಎರಡನೇ ಬಾಗಿಲು." ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಆದರೆ ನೀನು ಹೋಗೋಕೆ ಮುಂಚೆ, ಆ ಕಡತದ ಮೊದಲ ಹಾಳೆಯಲ್ಲಿ ಏನಿದೆ ಅಂತ ನಾನೇ ಹೇಳ್ತೀನಿ. ದಬ್ಬಣ ಕೆಳಗಿಡು."

ಅವಳು ದಬ್ಬಣ ಕೆಳಗಿಡಲಿಲ್ಲ. ನನ್ನ ಮುಖ ನೋಡುತ್ತಾ ಕೂತಳು. ನಾನು ಹೇಳಲು ಶುರುಮಾಡಿದೆ.